ಸಕ್ಕರೆ ಬೀಳಬೇಕಾದ್ದು ಬಿಸಿಯಲ್ಲಿ

ಬೇಸಿಗೆಯ ವನಭೋಜನಕ್ಕೆ ಈ ಸಲ ಸ್ವೀಟ್ ಟೀ ಬೇಡ, ಸಪ್ಪೆ ಟೀ ಮಾಡಿ ಐಸ್ ಹಾಕಿಡೋಣ, ಬೇಕಾದವರು ಸಕ್ಕರೆ ಪೊಟ್ಟಣ ಹರಿದು ಬೆರೆಸಿಕೊಳ್ಳಲಿ ಎಂದು ನಮ್ಮ ಕಡೆಯ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಲಹೆ ಬಂತು. ಬಂದದ್ದೇ ತಡ, ಹೆಬ್ಬೆರಳೆತ್ತಿದ ಚಿತ್ರಗಳು ಸಾಲುಗಟ್ಟಿದವು. ಆರೋಗ್ಯದ ಮಾತು, ಯಾರು ತಾನೇ ಬೇಡ ಎಂದಾರು? ನಾನು ಬೇಡ ಎಂದೆ. ಅಟ್ಲಾಂಟಾದ ಉತ್ತರಕ್ಕಿರುವ ಈ ಬಡಾವಣೆಯಲ್ಲಿ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ದಿನವಿಡೀ ಮಧುಮೇಹದ ಮಾತ್ರೆ ಎಣಿಸಿಕೊಡುವವಳೇ ಸಕ್ಕರೆಯ ಪರ ವಕಾಲತ್ತು ವಹಿಸುತ್ತಾಳಲ್ಲ ಎಂದು ಕೆಲವರಿಗೆ ಆಶ್ಚರ್ಯ, ಕೆಲವರಿಗೆ ನಗು. ವಾಟ್ಸಾಪಿನಲ್ಲಿ ಉದ್ದುದ್ದ ಬರೆದರೆ ಯಾರೂ ಓದುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಪೊಟ್ಟಣದ ಸಮಾಚಾರ. ತಣ್ಣನೆಯ ಟೀಯಲ್ಲಿ ಸಕ್ಕರೆ ಕರಗುವುದೇ ಇಲ್ಲ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಮಂಜುಗಡ್ಡೆ ಈಗಷ್ಟೇ ಕರಗಿ ಆದ 100 ಗ್ರಾಂ ನೀರು ಕೂಡ 170 ಗ್ರಾಂಗಿಂತ ಹೆಚ್ಚು ಸಕ್ಕರೆಯನ್ನು ತನ್ನೊಳಗೆ ಇಟ್ಟುಕೊಳ್ಳಬಲ್ಲದು. ಕರಗುತ್ತದೆ, ಆದರೆ ನಿಧಾನವಾಗಿ. ಬಾಯಾರಿದವರಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಇರುವುದಿಲ್ಲ. ಎರಡು ಸುತ್ತು ಕಲಕಿ ಬಾಯಿಗಿಟ್ಟರೆ ಸಪ್ಪೆ. ಇನ್ನೊಂದು ಪೊಟ್ಟಣ ಹರಿಯುತ್ತಾರೆ, ಅದೂ ಹೋಗಿ ತಳ ಸೇರುತ್ತದೆ. ಇದರ ಮೇಲೆ, ತಣ್ಣಗಿದ್ದಾಗ ನಾಲಿಗೆಗೆ ಸಿಹಿ ತಿಳಿಯುವುದೇ ಕಡಿಮೆ. ಮೂರನೆಯದು, ನಾಲ್ಕನೆಯದು. ಲೋಟದ ಮೇಲರ್ಧ ಒಗರು, ತಳದಲ್ಲಿ ಮರಳುಮರಳಾದ ಪಾಕ. ಸಕ್ಕರೆ ಉಳಿಸಲು ಹೊರಟವರು ಕೊನೆಗೆ ನಾಲ್ಕು ಪೊಟ್ಟಣ ಖರ್ಚು ಮಾಡಿ, ಒಂದು ಗುಟುಕೂ ಸರಿಯಾದ ಟೀ ಕುಡಿಯದೆ ಏಳುತ್ತಾರೆ. ಟೀ ಬಿಸಿಯಾಗಿರುವಾಗಲೇ ಅಳೆದು ಹಾಕಿದ್ದರೆ ಇದರ ಅರ್ಧ ಸಾಕಿತ್ತು.

ನನ್ನ ವಾದದ ಮೊದಲ ಭಾಗ ಇಷ್ಟೇ. ಅಮೆರಿಕದ ದಕ್ಷಿಣದವರು ನೂರು ವರ್ಷಕ್ಕೂ ಮೇಲ್ಪಟ್ಟು ಕುಡಿದುಕೊಂಡು ಬಂದಿರುವ ಸ್ವೀಟ್ ಟೀ ಎಂದರೆ ಸಿಹಿ ಬೆರೆಸಿದ ಐಸ್ ಟೀ ಅಲ್ಲ. ಬಿಸಿ ಕಷಾಯದಲ್ಲೇ ಸಕ್ಕರೆ ಕರಗಿಸಿ, ನೀರು ಕೂಡಿಸಿ, ತಣಿಸಿ, ಆಮೇಲೆ ಐಸಿನ ಮೇಲೆ ಸುರಿಯುವಂಥದ್ದು. ರಾಮನವಮಿಯ ದಿನ ಯಾರಾದರೂ ಬೆಲ್ಲ ಹಾಕದ ಪಾನಕ ಕೊಡಿ, ಬೆಲ್ಲ ಪಕ್ಕದಲ್ಲಿಡಿ ಎಂದು ಕೇಳಿದ್ದುಂಟೇ? ಇದೂ ಹಾಗೆಯೇ. ಸಿಹಿ ಎಷ್ಟಿರಬೇಕು ಎಂಬುದು ಮಾಡುವವರ ಹೊಣೆ.

ಈ ಹೊಣೆಯನ್ನು ಇಲ್ಲಿನವರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆಂದರೆ, 2003ರಲ್ಲಿ ಜಾರ್ಜಿಯಾದ ಶಾಸನಸಭೆಯಲ್ಲಿ ಜಾನ್ ನೋಯೆಲ್ ಎಂಬ ಸದಸ್ಯರು ನಾಲ್ವರು ಜೊತೆಗಾರರೊಂದಿಗೆ ಒಂದು ಮಸೂದೆಯನ್ನೇ ಮಂಡಿಸಿದರು. ಐಸ್ ಟೀ ಮಾರುವ ಯಾವುದೇ ಹೋಟೆಲು ಸ್ವೀಟ್ ಟೀಯನ್ನೂ ಇಟ್ಟಿರಲೇಬೇಕು, ಇಲ್ಲದಿದ್ದರೆ ಅಪರಾಧ. ಏಪ್ರಿಲ್ ಫೂಲ್ ತಮಾಷೆಗೆಂದು ತಂದದ್ದು ಅದು, ಕಾಯಿದೆಯಾಗಲಿಲ್ಲ. ಪಕ್ಕದ ಸೌತ್ ಕೆರೊಲಿನಾದವರದು ತಮಾಷೆಯಲ್ಲ, 1995ರಲ್ಲೇ ಟೀಯನ್ನು ರಾಜ್ಯದ ಅಧಿಕೃತ ಆತಿಥ್ಯ ಪಾನೀಯ ಎಂದು ಘೋಷಿಸಿಕೊಂಡಿದ್ದಾರೆ. ಅಲ್ಲಿನ ಸಮ್ಮರ್‌ವಿಲ್ ಎಂಬ ಪುಟ್ಟ ಊರಿನವರು ಸ್ವೀಟ್ ಟೀ ಹುಟ್ಟಿದ್ದೇ ನಮ್ಮಲ್ಲಿ ಎನ್ನುತ್ತಾರೆ. 2016ರಲ್ಲಿ ಆಳೆತ್ತರ ಮೀರಿದ ಜಾಡಿಯೊಂದರಲ್ಲಿ ಎರಡೂವರೆ ಸಾವಿರ ಗ್ಯಾಲನ್ ಟೀ ಮಾಡಿ ದಾಖಲೆ ಬರೆಸಿದರು. ಹುಟ್ಟಿನ ಮಾತು ನನಗೆ ಒಪ್ಪಿಗೆಯಿಲ್ಲ, ಆದರೆ ಜಾಡಿ ನೋಡಲು ಚೆನ್ನಾಗಿದೆ.

ಹೋಟೆಲಿನಲ್ಲಿ ಕೂತರೆ ಇಲ್ಲಿ ಬಡಿಸುವವಳು ಕೇಳುವ ಮೊದಲ ಪ್ರಶ್ನೆ, ಸ್ವೀಟಾ ಅನ್‌ಸ್ವೀಟಾ? ಹಾಫ್ ಅಂಡ್ ಹಾಫ್ ಎಂದರೆ ಎರಡನ್ನೂ ಅರ್ಧರ್ಧ ಬೆರೆಸಿ ತರುತ್ತಾಳೆ. ಅದೇ ವರ್ಜೀನಿಯಾ ದಾಟಿ ಉತ್ತರಕ್ಕೆ ಹೋದರೆ ಪ್ರಶ್ನೆಯೇ ಇಲ್ಲ. ಐಸ್ ಟೀ ಎಂದರೆ ಸಪ್ಪೆ, ಜೊತೆಗೆ ನಿಂಬೆಯ ಒಂದು ಹೋಳು ಮತ್ತು ಅದೇ ಪೊಟ್ಟಣ. ನಮ್ಮ ಗುಂಪಿನಲ್ಲಿ ಸಲಹೆ ಕೊಟ್ಟವರು ನ್ಯೂಜೆರ್ಸಿಯಿಂದ ಈಚೆಗೆ ಬಂದವರು ಎಂಬುದನ್ನು ಇಲ್ಲಿ ಹೇಳಬಾರದು, ಆದರೂ ಹೇಳಿದ್ದೇನೆ.

ನನಗೆ ಇದನ್ನು ಕಲಿಸಿದವರು ಎದುರುಮನೆಯ ಅಜ್ಜಿ. ಅಲಬಾಮಾದ ಹಳ್ಳಿಯವರು, ಎಂಬತ್ತು ದಾಟಿದೆ, ಈಗಲೂ ಭಾನುವಾರ ಚರ್ಚಿನ ಊಟಕ್ಕೆ ಎರಡು ಜಗ್ಗು ಟೀ ಅವರದೇ. ನನ್ನನ್ನು ‘ಹನಿ’ ಎಂದೇ ಕರೆಯುವುದು. ಅಂಚೆಯವನನ್ನೂ ಹಾಗೆಯೇ ಕರೆಯುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ನಾನು ಸಕಲೇಶಪುರದ ಕಾಫಿ ತೋಟದ ಮನೆಯಲ್ಲಿ ಬೆಳೆದವಳು. ನಮ್ಮಲ್ಲಿ ಟೀ ಎಂದರೆ ಆಳುಗಳಿಗೆ ಹಂಡೆಯಲ್ಲಿ ಕುದಿಸುವುದು, ಮನೆಯವರು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅಂಥವಳಿಗೆ ಟೀ ಮಾಡುವುದನ್ನು ನಿಂತು ನೋಡುವುದೇ ಒಂದು ಹೊಸ ಅನುಭವ.

ಅಜ್ಜಿಯ ಬಳಿ ಟೀಗೆಂದೇ ಒಂದು ಸಣ್ಣ ಅಲ್ಯೂಮಿನಿಯಂ ಪಾತ್ರೆ ಇದೆ. ಬೇರೆ ಯಾವುದಕ್ಕೂ ಅದನ್ನು ಮುಟ್ಟುವುದಿಲ್ಲ. ಒಳಗೆಲ್ಲ ಕಂದು ಪದರ ಕಟ್ಟಿದೆ, ತಿಕ್ಕಲೂ ಬಿಡುವುದಿಲ್ಲ. ಒಂದು ಲೀಟರಿನಷ್ಟು ನೀರು ಕುದಿ ಬಂದ ತಕ್ಷಣ ಒಲೆ ಆರಿಸುತ್ತಾರೆ. ಆಮೇಲೆ ಅಡುಗೆ ಸೋಡಾ, ಚಿಟಿಕೆ ಅಂದರೆ ನಿಜವಾಗಿ ಚಿಟಿಕೆ, ಎರಡು ಬೆರಳ ತುದಿಗೆ ಅಂಟುವಷ್ಟು. ಮೂರು ‘ಫ್ಯಾಮಿಲಿ ಸೈಜ್’ ಟೀ ಬ್ಯಾಗುಗಳ ದಾರಗಳನ್ನು ಒಟ್ಟಿಗೆ ಗಂಟು ಹಾಕಿ ನೀರಿಗೆ ಇಳಿಸುತ್ತಾರೆ. ಒಂದೊಂದು ಬ್ಯಾಗಿನಲ್ಲಿ ಆರೇಳು ಗ್ರಾಂ ಎಲೆ, ಅಂದರೆ ಮಾಮೂಲಿ ಬ್ಯಾಗಿನ ಮೂರರಷ್ಟು. ದಕ್ಷಿಣದವರ ಜಗ್ಗಿಗೆಂದೇ ಮಾಡಿದ ಗಾತ್ರ. ಮುಚ್ಚಳ ಮುಚ್ಚಿ ಹತ್ತು ನಿಮಿಷ. ಕುದಿಸುವುದು ಇಲ್ಲವೇ ಇಲ್ಲ. ಬ್ಯಾಗುಗಳನ್ನು ಎತ್ತುವಾಗ ಹಿಂಡುವುದೂ ಇಲ್ಲ. ನಾನು ಒಮ್ಮೆ ಚಮಚದಿಂದ ಒತ್ತಲು ಹೋದಾಗ ಕೈಮೇಲೆ ಮೆಲ್ಲಗೆ ಒಂದು ಏಟು ಕೊಟ್ಟರು. ಹಿಂಡಿದರೆ ಬರುವುದು ಟೀ ಅಲ್ಲ, ಅದರ ಕೊನೆಯ ಒಗರು.

ಸಕ್ಕರೆ ಆಗಲೇ ಜಗ್ಗಿನ ತಳದಲ್ಲಿ ಕಾದಿರುತ್ತದೆ. ಬಿಸಿ ಕಷಾಯವನ್ನು ಅದರ ಮೇಲೆ ಸುರಿದು ಮರದ ಚಮಚದಿಂದ ಕಲಕುತ್ತಾರೆ. ಮೊದಮೊದಲು ಚಮಚದ ತುದಿಗೆ ಹರಳು ಸಿಕ್ಕಿ ಕರಕರ ಸದ್ದು ಬರುತ್ತದೆ. ಆ ಸದ್ದು ನಿಲ್ಲುವವರೆಗೆ ಕಲಕಬೇಕು. ಅವರು ಜಗ್ಗಿನ ಒಳಗೆ ನೋಡುವುದಿಲ್ಲ, ಕಿವಿಗೊಟ್ಟು ಕೇಳುತ್ತಾರೆ. ಆಮೇಲೆ ಜಗ್ಗು ಒಂದು ಗ್ಯಾಲನ್ ತುಂಬುವವರೆಗೆ, ಅಂದರೆ ಪೌಣೇ ನಾಲ್ಕು ಲೀಟರು ಮುಟ್ಟುವವರೆಗೆ, ತಣ್ಣೀರು. ಬಿಸಿಬಿಸಿಯಾಗಿ ಫ್ರಿಜ್ಜಿಗೆ ಇಡುವ ಹಾಗಿಲ್ಲ. ಮೇಜಿನ ಮೇಲೇ ಆರಬೇಕು.

ಇದರಲ್ಲಿ ಒಂದೊಂದಕ್ಕೂ ಕಾರಣವಿದೆ ಎಂದು ನನಗೆ ತಿಳಿದದ್ದು ಆಮೇಲೆ. ಟೀ ಬಿಸಿಯಾಗಿದ್ದಾಗ ಅದರ ಕೆಫೀನೂ ಬಣ್ಣ-ಒಗರು ಕೊಡುವ ಅಂಶಗಳೂ ನೀರಿನಲ್ಲಿ ಬೇರೆಬೇರೆಯಾಗಿ ಇರುತ್ತವೆ. ತಣಿಯುತ್ತ ಬಂದಂತೆ ಒಂದಕ್ಕೊಂದು ಅಂಟಿಕೊಂಡು ಕದಡಿದ ಬಣ್ಣ ಬರುತ್ತದೆ. ಕಷಾಯ ಗಟ್ಟಿಯಿದ್ದಷ್ಟೂ, ನೀರು ಗಡುಸಿದ್ದಷ್ಟೂ, ಗಬಕ್ಕನೆ ತಣ್ಣಗೆ ಮಾಡಿದಷ್ಟೂ ಕದಡು ಹೆಚ್ಚು. ರುಚಿ ಕೆಟ್ಟಿರುವುದಿಲ್ಲ, ನೋಡಲು ಮಾತ್ರ ಕೆರೆಯ ನೀರು. ಸ್ವಲ್ಪ ಕುದಿನೀರು ಹಾಕಿದರೆ ತಿಳಿಯಾಗುತ್ತದೆ. ಸೋಡಾ ಕ್ಷಾರ, ಒಗರು ತಗ್ಗಿಸಿ ಬಣ್ಣ ಗಾಢ ಮಾಡುತ್ತದೆ. ನಿಂಬೆ ಹುಳಿ, ಬಣ್ಣ ತೆಳುವಾಗಿಸುತ್ತದೆ. ಎರಡನ್ನೂ ಹಾಕುವವರಿದ್ದಾರೆ. ಒಂದು ಮಾಡಿದ್ದನ್ನು ಇನ್ನೊಂದು ಕೆಡಿಸುತ್ತದೆ, ಅಷ್ಟೇ.

ಈಗ ಎಲೆಯ ಕಥೆ. ಕದಡದ ಟೀ ಬೇಕೆಂದೇ ಅಮೆರಿಕದ ಕಂಪನಿಗಳು ಅರ್ಜೆಂಟೀನಾದಿಂದ ಹಡಗುಗಟ್ಟಲೆ ಎಲೆ ತರಿಸುತ್ತವೆ. ಈ ದೇಶಕ್ಕೆ ಬರುವ ಕಪ್ಪು ಟೀಯಲ್ಲಿ ದೊಡ್ಡ ಪಾಲು ಅಲ್ಲಿಯದು, ಯಂತ್ರದಲ್ಲಿ ಕೊಯ್ದದ್ದು. ಅದೇ ಗುಣಕ್ಕೆ ಹೆಸರಾದ ಇನ್ನೊಂದು ಎಲೆ ನೀಲಗಿರಿಯದು, ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಕಳೆದರೆ ಸಿಗುವ ಬೆಟ್ಟಗಳದು. ತಣ್ಣಗಾದ ಮೇಲೂ ತಿಳಿಯಾಗಿ, ಕೆಂಪಗೆ ಉಳಿಯುತ್ತದೆ ಎಂದು ಐಸ್ ಟೀ ಬಲ್ಲವರು ಹುಡುಕಿ ತರಿಸುತ್ತಾರೆ. ಅಮೆರಿಕದ ಅಂಗಡಿಯ ಕಪಾಟಿನಲ್ಲಿರುವ ಟೆಟ್ಲಿ ಕೂಡ 2000ದಿಂದ ಟಾಟಾದವರದೇ. ಸೌತ್ ಕೆರೊಲಿನಾದ ವಾಡ್ಮಲಾ ದ್ವೀಪದಲ್ಲಿ ಈ ದೇಶದ್ದೇ ಒಂದು ಟೀ ತೋಟವೂ ಇದೆ. 19ನೇ ಶತಮಾನದ ಕೊನೆಗೆ ಡಾ. ಚಾರ್ಲ್ಸ್ ಶೆಪರ್ಡ್ ಎಂಬವರು ಸಮ್ಮರ್‌ವಿಲ್‌ನಲ್ಲಿ ಬೆಳೆಸಿದ್ದ ಗಿಡಗಳ ಸಂತತಿ. ನೋಡಲು ಹೋಗಿದ್ದೆವು. ಚಪ್ಪಟೆ ನೆಲದಲ್ಲಿ, ಕಡಲ ಮಟ್ಟದಲ್ಲಿ ಟೀ ಗಿಡ ಸಾಲಾಗಿ ನಿಂತದ್ದನ್ನು ಕಂಡು ಮಲೆನಾಡಿನವಳ ಕಣ್ಣು ಒಪ್ಪಲೇ ಇಲ್ಲ.

ಸ್ವೀಟ್ ಟೀ ಎಲ್ಲಿ ಹುಟ್ಟಿತು ಎಂದು ಕೇಳಿದರೆ ಬಹಳ ಮಂದಿ 1904ರ ಸೇಂಟ್ ಲೂಯಿಸ್ ಮೇಳದ ಕಥೆ ಹೇಳುತ್ತಾರೆ. ಭಾರತದ ಟೀ ಬೆಳೆಗಾರರ ಪರವಾಗಿ ಬಂದಿದ್ದ ರಿಚರ್ಡ್ ಬ್ಲೆಚಿಂಡನ್ ಬಿಸಿ ಟೀ ಹಿಡಿದು ನಿಂತಿದ್ದನಂತೆ, ಸುಡುವ ಬೇಸಿಗೆಯಲ್ಲಿ ಯಾರೂ ಹತ್ತಿರ ಸುಳಿಯಲಿಲ್ಲವಂತೆ, ಐಸಿನಲ್ಲಿ ತಣಿಸಿ ಕೊಟ್ಟನಂತೆ, ಜನ ಮುಗಿಬಿದ್ದರಂತೆ. ಭಾರತದ ಕಪ್ಪು ಟೀಗೆ ಅವನಿಂದ ಪ್ರಚಾರ ಸಿಕ್ಕಿತು, ನಿಜ. ಕಂಡುಹಿಡಿದ ಅನ್ನುವುದು ಮಾತ್ರ ಕಟ್ಟುಕಥೆ. 1890ರಲ್ಲೇ ಮಿಸ್ಸೂರಿಯ ನೆವಾಡ ಎಂಬ ಊರಿನಲ್ಲಿ ಹಳೆಯ ಸೈನಿಕರ ಸಮಾವೇಶದಲ್ಲಿ 880 ಗ್ಯಾಲನ್ ಐಸ್ ಟೀ ಬಡಿಸಿದ ವರದಿ ಇದೆ. ಅದಕ್ಕೂ ಮೊದಲು, 1879ರಲ್ಲಿ ಮರಿಯನ್ ಕ್ಯಾಬೆಲ್ ಟೈರಿ ಪ್ರಕಟಿಸಿದ ‘ಹೌಸ್‌ಕೀಪಿಂಗ್ ಇನ್ ಓಲ್ಡ್ ವರ್ಜೀನಿಯಾ’ ಅಡುಗೆ ಪುಸ್ತಕದಲ್ಲಿ ಇದರ ವಿಧಾನವೇ ಇದೆ. ಆಕೆಯದು ಹಸಿರು ಟೀ. ಬೆಳಗಿನ ತಿಂಡಿ ಹೊತ್ತಿಗೆ ನೆನೆಹಾಕಿ ರಾತ್ರಿ ಊಟಕ್ಕೆ ಬಡಿಸುವುದು, ಕೊನೆಗೆ ನಿಂಬೆ. ಸಕ್ಕರೆಯನ್ನು ಮಾತ್ರ ಐಸ್ ತುಂಬಿದ ಲೋಟಕ್ಕೆ ಎರಡೆರಡು ಚಮಚ ಹಾಕಿ ಮೇಲಿನಿಂದ ಟೀ ಸುರಿಯಬೇಕು ಎನ್ನುತ್ತಾರೆ ಆಕೆ. ನಮ್ಮ ವಾಟ್ಸಾಪ್ ಗುಂಪಿನವರು ಇದನ್ನು ಓದಿದ್ದರೆ ನನ್ನ ಬಾಯಿ ಮುಚ್ಚಿಸಬಹುದಿತ್ತು. ಟೈರಿಯವರು ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರ ಪ್ಯಾಟ್ರಿಕ್ ಹೆನ್ರಿಯ ಮೊಮ್ಮಗಳಾದರೂ ಸಕ್ಕರೆಯ ವಿಷಯದಲ್ಲಿ ನಾನು ಅಲಬಾಮಾದ ಅಜ್ಜಿಯ ಪಕ್ಷ.

ಹಸಿರು ಟೀ ಹೋಗಿ ಕಪ್ಪು ಟೀ ಪೂರ್ತಿ ಬಂದು ಕೂತದ್ದು ಎರಡನೇ ಮಹಾಯುದ್ಧದಲ್ಲಿ. ಜಪಾನು ಚೀನಾದ ಎಲೆ ನಿಂತಿತು, ಭಾರತ ಸಿಲೋನಿನದು ಉಳಿಯಿತು. ಇನ್ನು ಐಸು. ಫ್ರಿಜ್ಜು ಬರುವ ಮುಂಚೆ ಈ ಬಿಸಿಲು ನಾಡಿಗೆ ಐಸ್ ಬರುತ್ತಿದ್ದದ್ದು ಉತ್ತರದ ಹೆಪ್ಪುಗಟ್ಟಿದ ಕೆರೆಗಳಿಂದ, ಹಡಗಿನಲ್ಲಿ, ಮರದ ಹೊಟ್ಟಿನಲ್ಲಿ ಹುದುಗಿ. ಆ ವ್ಯಾಪಾರದ ದೊರೆ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್. ಅವನ ಹಡಗು 1833ರಲ್ಲಿ 180 ಟನ್ ಐಸ್ ಹೇರಿಕೊಂಡು ಹೊರಟು, ನಾಲ್ಕು ತಿಂಗಳು ಸಮುದ್ರ ದಾಟಿ, ಸುಮಾರು 100 ಟನ್ ಉಳಿಸಿಕೊಂಡು ಕಲ್ಕತ್ತ ಮುಟ್ಟಿತು. ಮದರಾಸಿನ ಮರೀನಾ ದಂಡೆಯಲ್ಲಿ ಆ ಐಸಿಗೆಂದೇ 1842ರಲ್ಲಿ ಕಟ್ಟಿದ ಗುಂಡು ಕಟ್ಟಡ ಇವತ್ತಿಗೂ ಇದೆ. ವಿವೇಕಾನಂದರು 1897ರಲ್ಲಿ ಪಶ್ಚಿಮದಿಂದ ಮರಳಿದಾಗ ತಂಗಿದ್ದು ಅಲ್ಲಿಯೇ. ಚೆನ್ನೈಯ ಜನ ಈಗಲೂ ಐಸ್ ಹೌಸ್ ಎನ್ನುತ್ತಾರೆ.

ಹೊರಗಿನಿಂದ ಬಂದ ಟೀ, ಹಡಗಿನಲ್ಲಿ ಬಂದ ಐಸು, ಜೊತೆಗೆ ಸಕ್ಕರೆ. ಮೂರೂ ಒಂದು ಕಾಲಕ್ಕೆ ಉಳ್ಳವರ ಮನೆಯವೇ. ಸಕ್ಕರೆ ಲೂಸಿಯಾನದ ಕಬ್ಬಿನ ಗದ್ದೆಗಳಿಂದ ಬರುತ್ತಿತ್ತು. ಅಂತರ್ಯುದ್ಧ ಮುಗಿಯುವವರೆಗೆ ಆ ಗದ್ದೆಗಳಲ್ಲಿ ದುಡಿದವರು ಗುಲಾಮರು. ದೊಡ್ಡ ಮನೆಗಳ ಅಡುಗೆಮನೆಯಲ್ಲಿ ಕಲಕಿ, ಸೋಸಿ, ತಟ್ಟೆಯಲ್ಲಿಟ್ಟು ವರಾಂಡಕ್ಕೆ ತಂದುಕೊಡುತ್ತಿದ್ದವರು ಕಪ್ಪು ಹೆಂಗಸರು. ದಕ್ಷಿಣದ ಆತಿಥ್ಯ ಎಂದು ಇಲ್ಲಿ ಬಾಯ್ತುಂಬ ಹೇಳಿಕೊಳ್ಳುತ್ತಾರೆ; ಆ ಆತಿಥ್ಯಕ್ಕೆ ಬೆವರು ಯಾರದು ಎಂದು ಕೇಳಿದರೆ ಮಾತು ಬದಲಿಸುತ್ತಾರೆ. ಐಸ್ ಕಾರ್ಖಾನೆ ಬಂದು, ಸಕ್ಕರೆ ಅಗ್ಗವಾಗಿ, ಟೀ ಬ್ಯಾಗು ಕೈಗೆಟುಕಿದ ಮೇಲೆ ಇದು ಎಲ್ಲರ ಮನೆಯದಾಯಿತು. ಇವತ್ತು ಕಪ್ಪು ಜನರ ಚರ್ಚಿನ ಮೀನೂಟಕ್ಕೆ ಹೋಗಿ, ಬಿಳಿಯರ ಚರ್ಚಿನ ಕೋಳಿಯೂಟಕ್ಕೆ ಹೋಗಿ, ಮೇಜಿನ ಕೊನೆಯಲ್ಲಿರುವ ಜಗ್ಗು ಒಂದೇ. ವಾದ ನಡೆಯುವುದು ಸಿಹಿ ಎಷ್ಟು ಎಂಬುದಕ್ಕೆ ಮಾತ್ರ.

ಆ ಸಿಹಿಯ ಲೆಕ್ಕಕ್ಕೆ ಬರುತ್ತೇನೆ, ನನ್ನ ಕಸುಬಿನ ಮಾತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು 2011ರಲ್ಲಿ ಒಂದು ನಕ್ಷೆ ಮಾಡಿದರು. 15 ರಾಜ್ಯಗಳ 644 ಕೌಂಟಿಗಳನ್ನು ಸೇರಿಸಿ ಮಧುಮೇಹದ ಪಟ್ಟಿ ಎಂದು ಗುರುತಿಸಿದರು. ಹೆಚ್ಚು ಕಡಿಮೆ ಅದು ಸ್ವೀಟ್ ಟೀ ಕುಡಿಯುವವರ ನಾಡೇ. ಇದನ್ನು ತೋರಿಸಿ ಎಲ್ಲಕ್ಕೂ ಟೀಯೇ ಕಾರಣ ಎನ್ನುವವರಿದ್ದಾರೆ. ಬಡತನ, ಕರಿದ ತಿಂಡಿ, ಕಾರಿಲ್ಲದೆ ಹೆಜ್ಜೆ ಇಡಲಾಗದ ಊರುಗಳು, ವಿಮೆ ಇಲ್ಲದ ಜನ, ಇವೆಲ್ಲ ಆ ನಕ್ಷೆಯೊಳಗೇ ಇವೆ. ನಮ್ಮವರಿಗಂತೂ ಇನ್ನೂ ಎಚ್ಚರ ಬೇಕು. ಬೇರೆಯವರನ್ನು ದೇಹತೂಕದ ಸೂಚ್ಯಂಕ 25 ದಾಟಿದರೆ ಪರೀಕ್ಷಿಸಿ ಎನ್ನುವ ಅಮೆರಿಕದ ಮಧುಮೇಹ ಸಂಘ ಏಷ್ಯಾದ ಮೂಲದವರಿಗೆ 23 ಎನ್ನುತ್ತದೆ. ಬೊಜ್ಜಿಲ್ಲದ, ಬೆಲ್ಟಿನ ತೂತು ಬದಲಿಸದ ನಮ್ಮ ಸಾಫ್ಟ್‌ವೇರ್ ಹುಡುಗರು ಮೂವತ್ತೈದಕ್ಕೆ ಮೆಟ್‌ಫಾರ್ಮಿನ್ ಚೀಟಿ ಹಿಡಿದು ನನ್ನ ಮುಂದೆ ನಿಲ್ಲುವುದನ್ನು ನೋಡುತ್ತೇನೆ.

ಹಾಗಾದರೆ ಗುನ್ನೆ ಎಲ್ಲಿದೆ? ಹೋಟೆಲಿನ ಸ್ವೀಟ್ ಟೀಯನ್ನು ತೆಗೆದುಕೊಳ್ಳಿ. ಗ್ಯಾಲನ್‌ಗೆ ಎರಡು ಕಪ್ಪು, ಅಂದರೆ 400 ಗ್ರಾಂ ಸಕ್ಕರೆ ಹಾಕುವವರು ಅಪರೂಪವಲ್ಲ. 100 ಮಿಲಿಗೆ ಹತ್ತೂವರೆ ಗ್ರಾಂ ಆಯಿತು, ಕೋಲಾಕ್ಕೆ ಸರಿಸಮ. ಅದನ್ನು ತಂದಿಡುವ ಲೋಟ 32 ಔನ್ಸಿನದು. ಲೀಟರಿಗೆ ಒಂದು ಗುಟುಕು ಕಡಿಮೆ. ಅರ್ಧ ಐಸ್ ಎಂದುಕೊಂಡರೂ ಅರ್ಧ ಲೀಟರು ಟೀ, 50 ಗ್ರಾಂ ಸಕ್ಕರೆ. ಲೋಟ ಮುಕ್ಕಾಲು ಖಾಲಿಯಾಗುವಷ್ಟರಲ್ಲಿ ಕೇಳದೆಯೇ ಬಂದು ತುಂಬಿಸುತ್ತಾರೆ, ಎರಡನೇ ಸಲದ್ದು ಪುಕ್ಕಟೆ. ಒಂದು ಊಟದಲ್ಲಿ 100 ಗ್ರಾಂ. ಹೃದ್ರೋಗ ಸಂಘದವರು ಮೇಲಿಂದ ಸೇರಿಸುವ ಸಕ್ಕರೆ ದಿನಕ್ಕೆ ಹೆಂಗಸರಿಗೆ 25 ಗ್ರಾಂ, ಗಂಡಸರಿಗೆ 36 ಗ್ರಾಂ ಮೀರಬಾರದು ಎನ್ನುತ್ತಾರೆ. ಹೆದ್ದಾರಿ ಪಕ್ಕದ ಒಂದು ಹೋಟೆಲಿನಲ್ಲಿ ನನ್ನ ಗಂಡನಿಗೆ ಹೀಗೆ ತುಂಬಿಸುತ್ತಲೇ ಹೋದರು. ಲೋಟದ ಮೇಲೆ ಅಂಗೈ ಅಡ್ಡ ಇಟ್ಟ ಮೇಲೂ ಬಡಿಸುವವಳು, ಸ್ವಲ್ಪ ಹನಿ, ಸ್ವಲ್ಪ ಎಂದು ಜಗ್ಗು ಬಾಗಿಸಿದಳು. ನಮ್ಮ ಮದುವೆಮನೆಯಲ್ಲಿ ಒಬ್ಬಟ್ಟು ಬಡಿಸುವವರ ಗುಣವೇ ಅದು, ಆದರೆ ಅಲ್ಲಿ ಒಬ್ಬಟ್ಟು ವರ್ಷಕ್ಕೆ ನಾಲ್ಕು ಸಲ.

ಈಗ ನನ್ನ ಮನೆಯ ಲೆಕ್ಕ. ಎರಡು ಲೀಟರು ಟೀಗೆ 80 ಗ್ರಾಂ ಸಕ್ಕರೆ. ಊರಿನಿಂದ ತಂದ ಸ್ಟೀಲ್ ಲೋಟ, ಐಸ್ ಹಾಕಿದ ಮೇಲೆ ಅದಕ್ಕೆ ಹಿಡಿಯುವ ಟೀ 120 ಮಿಲಿ. ಸಕ್ಕರೆ ಐದು ಗ್ರಾಂ. ಒಂದು ಚಮಚಕ್ಕೆ ತುಸು ಹೆಚ್ಚು. ಬೆಳಿಗ್ಗೆ ಎದ್ದು ಎರಡು ಚಮಚ ಹಾಕಿ ಫಿಲ್ಟರ್ ಕಾಫಿ ಹೀರಿದವರು ಮಧ್ಯಾಹ್ನ ಈ ಲೋಟ ನೋಡಿ ಹೌಹಾರುವುದು ಏತಕ್ಕೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ತಪ್ಪು ಲೋಟದ ಗಾತ್ರದ್ದು, ಪುಕ್ಕಟೆ ಮರುಭರ್ತಿಯದ್ದು. ಶಿಕ್ಷೆ ಜಗ್ಗಿನಲ್ಲಿರುವ ಟೀಗೆ. ಅಜ್ಜಿಗೆ ನನ್ನ ಅಳತೆ ಒಪ್ಪಿಗೆಯಿಲ್ಲ. ಅವರ ಗ್ಯಾಲನ್‌ಗೆ ಒಂದೂವರೆ ಕಪ್ಪು, 300 ಗ್ರಾಂ. ನನ್ನದನ್ನು ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಹನಿ, ಜಗ್ಗು ತೊಳೆದ ನೀರು ಚೆನ್ನಾಗಿದೆ, ಇನ್ನು ಟೀ ಮಾಡು ಎಂದರು. ಆದರೂ ಅಳತೆಯ ಬಗ್ಗೆ ನಾವಿಬ್ಬರು ಜಗಳವಾಡಬಹುದು, ಯಾಕೆಂದರೆ ಇಬ್ಬರಿಗೂ ನಮ್ಮ ನಮ್ಮ ಅಳತೆ ಗೊತ್ತು. ಬಾಟಲಿಯದನ್ನು ಕುಡಿಯುವವರಿಗೆ ಜಗಳಕ್ಕೂ ಆಸ್ಪದವಿಲ್ಲ. ಸಕ್ಕರೆ ಕಾಯಿಲೆ ಆಗಲೇ ಇರುವವರ ಮಾತು ಬೇರೆ, ಅವರು ಸಪ್ಪೆ ಟೀ ಕುಡಿಯಲಿ, ಅವರಿಗೆಂದು ಇನ್ನೊಂದು ಜಗ್ಗು ಇಡೋಣ. ಪೊಟ್ಟಣಗಳ ಬುಟ್ಟಿ ಮಾತ್ರ ಬೇಡ.

ಬೆಂಗಳೂರಿಗೆ ಬಂದಾಗ ನೆಂಟರ ಮನೆಗಳಲ್ಲಿ ಐಸ್ ಟೀ ಎಂದು ಕೊಡುವುದು ಪೊಟ್ಟಣದ ಪುಡಿ. ನೀರಿಗೆ ಹಾಕಿ ಕಲಕಿದರೆ ಆಯಿತು, ನಿಂಬೆ, ಪೀಚ್, ಯಾವುದು ಬೇಕೋ ಅದು. ಪೊಟ್ಟಣದ ಹಿಂದೆ ಬರೆದ ಪಟ್ಟಿ ಓದಿ. ಪ್ರಮಾಣ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೊದಲ ಹೆಸರು ಸಕ್ಕರೆ, ಟೀ ಎಲ್ಲೋ ಹಿಂದೆ. ನೀಲಗಿರಿಯ ಎಲೆ ಮೈಸೂರಿನಿಂದ ಮೂರ್ನಾಲ್ಕು ಗಂಟೆಯ ದಾರಿಯಲ್ಲಿರುವಾಗ, ಅರ್ಜೆಂಟೀನಾದವರು ಅದರ ಗುಣ ಹೊಂದಿದ ಎಲೆ ಬೆಳೆದು ಅಮೆರಿಕಕ್ಕೆ ಮಾರುತ್ತಿರುವಾಗ, ನಾವು ಟೀಯ ಹೆಸರಿನಲ್ಲಿ ಬಣ್ಣದ ಸಕ್ಕರೆ ಕಲಕುತ್ತೇವೆ. ಇದಕ್ಕಿಂತ ಅಜ್ಜಿಯ 300 ಗ್ರಾಂ ಮೇಲು, ಅದರಲ್ಲಿ ಟೀಯಾದರೂ ಇದೆ.

ಮಾಡುವುದಾದರೆ, ನಮ್ಮ ಅಡುಗೆಮನೆಯ ಎರಡು ಅಭ್ಯಾಸ ಬಿಡಬೇಕು. ಒಂದು, ಕುದಿಸುವುದು. ಹಾಲಿನ ಟೀಗೆ ಕಳಕಳ ಕುದಿಸಿದರೆ ನಡೆಯುತ್ತದೆ, ಒಗರನ್ನು ಹಾಲು ಹಿಡಿದುಕೊಳ್ಳುತ್ತದೆ. ಇಲ್ಲಿ ಹಾಲಿಲ್ಲ, ಒಗರು ನೇರ ನಾಲಿಗೆಗೆ. ಎರಡು, ಡಸ್ಟ್ ಟೀ. ಮನೆಯಲ್ಲಿರುವ ಕಾಳುಕಾಳಾದ ಸಿಟಿಸಿ ಪುಡಿ ಎರಡೇ ನಿಮಿಷಕ್ಕೆ ಕಡುಬಣ್ಣ ಬಿಟ್ಟು, ತಣಿದೊಡನೆ ಕದಡುತ್ತದೆ. ಸುರುಳಿ ಸುತ್ತಿದ ಎಲೆ ಟೀ ತನ್ನಿ, ನೀಲಗಿರಿಯದಾದರೆ ಒಳ್ಳೆಯದು. ಅರ್ಧ ಲೀಟರು ನೀರು ಕುದಿಸಿ ಇಳಿಸಿ, 12 ಗ್ರಾಂ ಎಲೆ ಹಾಕಿ, ಮುಚ್ಚಿ. ಐದಾರು ನಿಮಿಷಕ್ಕೆ ಸೋಸಿ. ಸೋಸಿದ್ದು ಹಬೆಯಾಡುತ್ತಿರುವಾಗಲೇ ಸಕ್ಕರೆ, ಸದ್ದು ನಿಲ್ಲುವವರೆಗೆ ಚಮಚ. ಒಂದೂವರೆ ಲೀಟರು ತಣ್ಣೀರು. ಬೋರ್‌ವೆಲ್ ನೀರಾದರೆ ಕದಡುವುದು ಖಂಡಿತ, ಕುಡಿಯಲು ಫಿಲ್ಟರ್ ಮಾಡಿದ್ದನ್ನೇ ಬಳಸಿ. ಬಿಸಿಯನ್ನು ತೆಳು ಗಾಜಿನ ಜಗ್ಗಿಗೆ ಸುರಿಯಬೇಡಿ, ಸೀಳುತ್ತದೆ. ಮೊದಲ ದಿನ ಸೊಗಸು, ಎರಡನೆಯ ದಿನ ಪರವಾಗಿಲ್ಲ, ಮೂರನೆಯ ದಿನ ಗಿಡಕ್ಕೆ. ಬಿಸಿಲಿನಲ್ಲಿ ಜಾಡಿ ಇಟ್ಟು ಟೀ ಇಳಿಸುವ ಒಂದು ಪದ್ಧತಿ ಇಲ್ಲಿತ್ತು, ನೋಡಲು ಚೆಂದ. ಜಾಡಿಯ ನೀರು ಕ್ರಿಮಿ ಸಾಯುವಷ್ಟು ಕಾಯುವುದಿಲ್ಲ, ಸುಮಾರು 54 ಡಿಗ್ರಿಗೇ ನಿಲ್ಲುತ್ತದೆ. ಅಂಗಡಿಗೆ ಬರುವವರು ಕೇಳಿದರೆ ಬೇಡ ಎಂದೇ ಹೇಳುತ್ತೇನೆ.

ಪುದೀನ ಹಾಕಬಹುದು, ಸಕ್ಕರೆಯ ಜೊತೆಗೇ, ನಾಲ್ಕು ಎಲೆ ಕಿವುಚಿ. ಜೂನಿನಲ್ಲಿ ಜಾರ್ಜಿಯಾದ ಪೀಚ್ ಹಣ್ಣು ಬಂದಾಗ ನಾಲ್ಕು ಹೋಳು ಜಗ್ಗಿಗೆ ಬೀಳುವುದು ಇಲ್ಲಿ ವಾಡಿಕೆ. ನಿಂಬೆ ಲೋಟಕ್ಕೆ, ಜಗ್ಗಿಗಲ್ಲ. ಬೆಲ್ಲ ಹಾಕಿ ನೋಡಿದವರು ನಮ್ಮಲ್ಲಿ ಇದ್ದಾರೆ. ಬೆಲ್ಲದ ರುಚಿ ಮುಂದೆ ಬಂದು ಟೀ ಹಿಂದೆ ಸರಿಯುತ್ತದೆ. ಏಲಕ್ಕಿ ಹಾಕಬಹುದೇ ಎಂದು ಕೇಳುವವರಿಗೆ, ಧಾರಾಳವಾಗಿ ಹಾಕಿ, ಕುಡಿಯಿರಿ. ಅಲಬಾಮಾದವರ ಮುಂದೆ ಇಡುವಾಗ ಅದಕ್ಕೆ ಬೇರೆ ಹೆಸರು ಹೇಳಿ.